ನಮ್ಮವರು ಬಾರದ ಜಾಗ

ಫೋಟೋ ತೆಗೆಯಲು ಒಳ್ಳೆಯ ಜಾಗ ಯಾವುದು ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಬೆಳಕು ಹೇಗಿರುತ್ತದೆ, ನೀರಿದೆಯೇ, ಹಕ್ಕಿ ಬರುತ್ತವೆಯೇ ಎಂದೆಲ್ಲ ವಿಚಾರಿಸುತ್ತಾರೆ. ನಾನು ಏನೋ ಒಂದು ಹೇಳಿ ಸಾಗಹಾಕುತ್ತೇನೆ. ನಿಜ ಹೇಳಬೇಕೆಂದರೆ, ಲಾಸ್ ಏಂಜಲೀಸ್ ನದಿಯ ಉದ್ದಕ್ಕೂ ಎರಡು ವರ್ಷ ನಾನು ಜಾಗ ಹುಡುಕಿದ್ದು ಬೆಳಕಿಗೂ ಅಲ್ಲ, ಹಕ್ಕಿಗೂ ಅಲ್ಲ. ಕೂರಲು ನೆರಳಿರಬೇಕು, ಹತ್ತಿರದಲ್ಲೇ ಕಾರು ನಿಲ್ಲಿಸುವಂತಿರಬೇಕು, ನಮ್ಮ ಕನ್ನಡದವರು ಒಬ್ಬರೂ ಆ ಕಡೆ ತಲೆ ಹಾಕಬಾರದು. ಒಳ್ಳೆಯ ಜಾಗ ಅಂದರೆ ನನಗೆ ಅಷ್ಟೇ. ನನ್ನ ಸ್ವಂತ ಮಗಳನ್ನು ನಾನು ಅಲ್ಲಿ ಕದ್ದು ನೋಡಬೇಕಿತ್ತು.

ಮಗಳ ಮದುವೆ ಕೋವಿಡ್ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಆಯಿತು. ಹುಡುಗ ನಮ್ಮ ಯಜಮಾನರ ಜೀವದ ಗೆಳೆಯನ ಮಗ. ಆ ಗೆಳೆಯರೂ ಇವರೂ ಚಾಟ್ಸ್‌ವರ್ತ್‌ನ ಒಂದೇ ಕಂಪನಿಯಲ್ಲಿ ಎಷ್ಟೋ ವರ್ಷ ದುಡಿದವರು. ಮನೆಯೂ ಇಲ್ಲೇ, ಸ್ಯಾಂಟಾ ಕ್ಲಾರಿಟಾದಲ್ಲಿ, ನಮ್ಮ ಪಕ್ಕದ ಬೀದಿ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಲಾಕ್‌ಡೌನ್ ಬಂತು, ಗಂಡ ಹೆಂಡತಿ ಇಬ್ಬರೂ ಒಂದೇ ಅಪಾರ್ಟ್‌ಮೆಂಟಿನಲ್ಲಿ ಹಗಲೂ ರಾತ್ರಿ. ಆ ಹುಡುಗನಿಗೆ ಕೋಪ ಬಂದರೆ ಮಾತು ಬಿಡುತ್ತಿದ್ದ. ಒಂದು ದಿನ ಎರಡು ದಿನ ಅಲ್ಲ, ವಾರಗಟ್ಟಲೆ. ಇವಳು ಎದುರಿಗೆ ನಿಂತು ಅತ್ತರೂ ಗೋಡೆ ನೋಡಿದ ಹಾಗೆ ನೋಡಿಕೊಂಡು ಹೋಗುತ್ತಿದ್ದ. ಮರುವರ್ಷ ಒಂದು ಸೂಟ್‌ಕೇಸ್ ಹಿಡಿದುಕೊಂಡು ಅವಳು ಸ್ಯಾನ್ ಡಿಯಾಗೊಗೆ ಹೋಗಿಬಿಟ್ಟಳು. ಅಲ್ಲೊಂದು ಟೆಲಿಕಾಂ ಕಂಪನಿಯಲ್ಲಿ ಕೆಲಸ, ಒಂದು ಪುಟ್ಟ ಮನೆ, ಡಿವೋರ್ಸಿಗೆ ಅರ್ಜಿ.

ನಮ್ಮ ಯಜಮಾನರು ಧಾರವಾಡದವರು. ನಾನು ನಂಜನಗೂಡಿನವಳು. ನಾನು ಹಾರಾಡಿ ಕೂಗಾಡಿ ಐದು ನಿಮಿಷಕ್ಕೆ ತಣ್ಣಗಾಗುವವಳು. ಅವರು ಒಂದು ಮಾತಾಡಿದರೆ ಮುಗಿಯಿತು, ಕಲ್ಲಿನ ಮೇಲೆ ಕೆತ್ತಿದ ಹಾಗೆ.

"ಅಂವ ಕುಡಿಯಂಗಿಲ್ಲ, ಹೊಡಿಯಂಗಿಲ್ಲ. ಮತ್ತೇನ್ ಕಡಿಮಿ ಆಗೇದ ಆಕಿಗೆ?" ಎಂದರು. "ಆ ಮನಿಗೆ ವಾಪಸ್ ಹೋಗೂತನಕ ಈ ಮನಿಗೆ ಬರೂದು ಬ್ಯಾಡಂತ ಹೇಳು."

ನಾನು ಜಗಳವಾಡಿದೆ. ಆಡಬಾರದ್ದೆಲ್ಲ ಆಡಿದೆ. ಅವರು ಊಟ ಬಿಟ್ಟು ಕೂತರು. ಅದೇ ವರ್ಷ ಅವರ ಎದೆಗೆ ಸ್ಟೆಂಟ್ ಹಾಕಿದ್ದರು, ಟೆನ್ಷನ್ ಕೊಡಬೇಡಿ ಎಂದು ಡಾಕ್ಟರ್ ನನಗೆ ಹೇಳಿ ಕಳಿಸಿದ್ದರು. ಬೀಗರಾದ ಆ ಗೆಳೆಯರು ಅಂಗಡಿಯಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಇವರು ಗಾಡಿಯಲ್ಲಿ ಹಾಕಿಕೊಂಡ ಸಾಮಾನನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಕಾರಿನಲ್ಲಿ ಕೂರುತ್ತಿದ್ದರು. ನೋಡಿದರೆ ಸಂಕಟವಾಗುತ್ತಿತ್ತು. ಆದರೂ ನನ್ನ ಕೂಸನ್ನು ನೋಡದೆ ನಾನು ಹೇಗೆ ಬದುಕಲಿ, ಹೇಳಿ!

ಆಗ ಊರಲ್ಲಿರುವ ಎಲ್ಲರಿಗೂ ಒಂದೊಂದು ಹುಚ್ಚು ಹತ್ತಿತ್ತು. ಒಬ್ಬರು ಬ್ರೆಡ್ ಮಾಡುತ್ತಿದ್ದರು, ಒಬ್ಬರು ಹಿತ್ತಲಲ್ಲಿ ತೊಂಡೆ ಬಳ್ಳಿ ಹಬ್ಬಿಸುತ್ತಿದ್ದರು. ನಾನೂ ಒಂದು ದಿನ ಕಾಫಿ ಕೊಡುತ್ತಾ ಹೇಳಿಬಿಟ್ಟೆ, "ಫೋಟೋಗ್ರಫಿ ಕಲೀತೀನಿ ಕಣ್ರೀ. ಒಂದು ಗ್ರೂಪಿದೆ, ಶನಿವಾರ ಶನಿವಾರ ನದಿ ಹತ್ರ ಹೋಗ್ತಾರೆ." ಸುಳ್ಳು ಅಷ್ಟು ಸಲೀಸಾಗಿ ಬಾಯಿಂದ ಬಂದದ್ದು ನೋಡಿ ನನಗೇ ಆಶ್ಚರ್ಯವಾಯಿತು. ಇವತ್ತಿಗೂ ನನಗೆ ಅದರ ಬಗ್ಗೆ ಒಂಚೂರೂ ಪಶ್ಚಾತ್ತಾಪವಿಲ್ಲ.

ನದಿಯೇ ಯಾಕೆ ಎಂದರೆ, ಸ್ಯಾನ್ ಡಿಯಾಗೊ ಮೂರು ಗಂಟೆಯ ದಾರಿ, ಅವಳ ಮನೆಗೆ ಹೋಗಿ ಸಂಜೆಯೊಳಗೆ ಮರಳುವುದು ನನ್ನಿಂದಾಗದು; ನದಿಗಾದರೆ ನಮ್ಮವರೂ ಬರುವುದಿಲ್ಲ. ಯಾವ ಬೀಚಿಗೆ ಹೋದರೂ, ಯಾವ ಪಾರ್ಕಿಗೆ ಹೋದರೂ ರೇಷ್ಮೆ ಸೀರೆ ಸರಭರ ಎನ್ನುತ್ತಿರುತ್ತದೆ. ಸೀಮಂತದ ಫೋಟೋ, ಎಂಗೇಜ್‌ಮೆಂಟ್ ಫೋಟೋ, ಮಗುವಿಗೆ ವರ್ಷ ತುಂಬಿದ ಫೋಟೋ. ಲಾಸ್ ಏಂಜಲೀಸ್ ನದಿಗೆ ಯಾರು ಬರುತ್ತಾರೆ? ಕಪಿಲೆಯ ಸೋಪಾನದಲ್ಲಿ ಆಡಿ ಬೆಳೆದ ನಾನು ಇದನ್ನು ಮೊದಲ ಸಲ ನೋಡಿದಾಗ ನಕ್ಕುಬಿಟ್ಟೆ. ಎರಡೂ ಕಡೆ ಕಾಂಕ್ರೀಟು, ತಳವೂ ಕಾಂಕ್ರೀಟು, ನಡುವೆ ಒಂದಿಷ್ಟು ನೀರು. ಬೆಂಗಳೂರಿನಲ್ಲಾದರೆ ಇದನ್ನು ರಾಜಕಾಲುವೆ ಎನ್ನುತ್ತಾರೆ, ಮೂಗು ಮುಚ್ಚಿಕೊಂಡು ದಾಟುತ್ತಾರೆ. ಆದರೆ ಗ್ಲೆಂಡೇಲ್ ದಾಟಿದ ಮೇಲೆ ಒಂದಷ್ಟು ದೂರ ತಳದಲ್ಲಿ ಮಣ್ಣಿದೆ, ಮರ ಬೆಳೆದಿವೆ, ಬೆಳ್ಳಕ್ಕಿ ಬರುತ್ತವೆ. ಅಲ್ಲಿ ಒಂದು ಸೇತುವೆಯ ಕೆಳಗೆ ನಮ್ಮ ಮೊದಲ ಜಾಗ.

ನಾನು ಡಬ್ಬಿ ಕಟ್ಟಿಕೊಂಡು ಇತ್ತಲಿಂದ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ, ಅವಳು ಸ್ಯಾನ್ ಡಿಯಾಗೊದಿಂದ ಆ ಹಾಳು ಟ್ರಾಫಿಕ್‌ನಲ್ಲಿ ಬರುತ್ತಿದ್ದಳು. ಇಳಿಜಾರಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿಕೊಂಡು ಚಿತ್ರಾನ್ನ, ಮೊಸರನ್ನ ತಿನ್ನುತ್ತಿದ್ದೆವು. ನಾನು ಕನ್ನಡದಲ್ಲಿ ಮಾತಾಡುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ಚಿಕ್ಕಂದಿನಿಂದಲೂ ಹಾಗೇ. ಊಟ ಆದ ಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದಳು. ಅಪ್ಪ ಹೇಗಿದ್ದಾರೆ ಎಂದು ಕೇಳುತ್ತಿದ್ದಳು, ಮಾತ್ರೆ ತಪ್ಪದೆ ತಗೋತಾರಾ ಎಂದು ಕೇಳುತ್ತಿದ್ದಳು. ನನ್ನ ಬಗ್ಗೆ ಏನಾದರೂ ಕೇಳ್ತಾರಾ ಎಂದು ಮಾತ್ರ ಒಂದು ಸಲವೂ ಕೇಳಲಿಲ್ಲ.

ಹೊರಡುವ ಮುಂಚೆ ಅವಸರದಲ್ಲಿ ಫೋನಿನಲ್ಲಿ ಏನಾದರೂ ಒಂದು ಹೊಡೆದುಕೊಳ್ಳುತ್ತಿದ್ದೆ, ಮನೆಯಲ್ಲಿ ತೋರಿಸಬೇಕಲ್ಲ. ಮೊದಲನೆಯದನ್ನು ನೋಡಿ ಇವರು, "ಇದೇನ್ ಬಾತುಕೋಳಿನೋ, ನೀರಾಗ ಬಿದ್ದ ಚಪ್ಪಲಿನೋ?" ಎಂದು ನಕ್ಕರು. ಮಗಳು ಹೋದ ಮೇಲೆ ನಮ್ಮ ಮನೆಯಲ್ಲಿ ಅವರು ನಕ್ಕದ್ದು ಅದೇ ಮೊದಲು. ನನಗೂ ನಗು ಬಂತು.

ನನ್ನ ಹುಟ್ಟುಹಬ್ಬಕ್ಕೆ ಅವರೇ ಹೋಗಿ ಒಂದು ದೊಡ್ಡ ಕ್ಯಾಮೆರಾ ತಂದರು. "ಕ್ಯಾಮೆರಾ ಸರಿ ಇಲ್ಲಂದ್ರ ಕೈಯರ ಏನ್ ಮಾಡ್ತದ, ತಗೋ" ಎಂದು ಕೈಯಲ್ಲಿಟ್ಟರು. ಅವತ್ತು ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಇಷ್ಟು ಒಳ್ಳೆಯ ಮನುಷ್ಯ ಅದೊಂದು ವಿಷಯದಲ್ಲಿ ಯಾಕೆ ಹೀಗೆ?

ಅಲ್ಲಿಂದ ಮುಂದೆ ಶನಿವಾರ ಸಂಜೆ ಅವರದ್ದೊಂದು ಪೂಜೆ. ನಾನು ಬಂದ ಕೂಡಲೇ ಕ್ಯಾಮೆರಾದ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕುವುದು, ಒಂದೊಂದನ್ನೇ ದೊಡ್ಡದು ಮಾಡಿ ನೋಡುವುದು. ಹಾಗಾಗಿ ಮಗಳ ಫೋಟೋ ತೆಗೆಯುವ ಹಾಗಿರಲಿಲ್ಲ. ಫೋನಿನಲ್ಲೂ ಭಯ, ನಮ್ಮ ಗಂಡ ಹೆಂಡತಿಯ ಫೋನಿನ ಫೋಟೋಗಳೂ ಮನೆಯ ಟೀವಿಯಲ್ಲಿ ತಾವಾಗಿಯೇ ಬರುವ ಹಾಗೆ ಈ ಇಂಜಿನಿಯರ್ ಮಹಾಶಯರು ಮೊದಲೇ ಜೋಡಿಸಿಟ್ಟಿದ್ದರು. ಒಂದು ಬೇಸಿಗೆಯಲ್ಲಿ ಅವಳು ಉದ್ದ ಜಡೆ ಕತ್ತರಿಸಿಕೊಂಡು ಬಂದಳು, ಕತ್ತಿನವರೆಗೆ ಕೂದಲು. ನೀರಿನ ಮೇಲಿನ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಎಷ್ಟು ಮುದ್ದಾಗಿ ಕಾಣುತ್ತಿದ್ದಳೆಂದರೆ ನನ್ನ ಕೈ ತಾನಾಗಿಯೇ ಕ್ಯಾಮೆರಾ ಎತ್ತಿತು. ಅವಳೂ ತಲೆ ಸರಿಮಾಡಿಕೊಂಡು ಕೂತಳು. ನಾನು ಕೆಳಗಿಳಿಸಿ, ಆಚೆ ನಿಂತಿದ್ದ ಬೆಳ್ಳಕ್ಕಿಯನ್ನು ತೆಗೆದೆ. ಅವಳು ಡಬ್ಬಿ ಮುಚ್ಚಿದಳು.

ವಿಚಿತ್ರ ನೋಡಿ, ಅಷ್ಟರಲ್ಲಿ ನನಗೆ ನಿಜವಾಗಿಯೂ ಫೋಟೋ ತೆಗೆಯಲು ಬಂದುಬಿಟ್ಟಿತ್ತು. ಅವಳು ಬರುವ ಮುಂಚೆ ಹೋಗಿ ಕಾಯುತ್ತಿದ್ದೆನಲ್ಲ, ದಾರಿ ನೋಡುವ ಕಣ್ಣಿಗೆ ಎಲ್ಲವೂ ಕಾಣುತ್ತದೆ. ಮಳೆ ನಿಂತ ಮೇಲೆ ಸೇತುವೆಯ ನೆರಳು ನೀರಿನಲ್ಲಿ ನಡುಗುವುದು, ಕೆಂಪು ಕಾಲಿನ ಹಕ್ಕಿಗಳು ಕಾಂಕ್ರೀಟಿನ ಮೇಲೆ ಮಡಿಹೆಂಗಸರ ಹಾಗೆ ಸೋಕದೆ ನಡೆಯುವುದು. ಇವರಿಗಂತೂ ಹೆಮ್ಮೆಯೋ ಹೆಮ್ಮೆ. ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಕಳಿಸತೊಡಗಿದರು. "ನಮ್ಮ ಮನಿಯಾಕಿ ತಗದದ್ದು" ಎಂದು ಬರೆದು, ಜೊತೆಗೆ ಆ ಜಾಗದ ಮ್ಯಾಪು ಬೇರೆ! ಬೇಡ ಎಂದರೆ ಯಾಕೆ ಎನ್ನುತ್ತಾರೆ. ಏನು ಹೇಳಲಿ?

ಮುಂದಿನ ತಿಂಗಳು ನಮ್ಮ ಸೇತುವೆಯ ಕೆಳಗೆ ಕನ್ನಡದವರದೇ ಒಂದು ಜೋಡಿ ಎಂಗೇಜ್‌ಮೆಂಟ್ ಫೋಟೋ ತೆಗೆಸಿಕೊಳ್ಳುತ್ತಿತ್ತು. ದೂರದಿಂದಲೇ ಕಂಡು ನಾನು ಮಗಳಿಗೆ ಫೋನ್ ಮಾಡಿ ಕಾರಿನಿಂದ ಇಳಿಯಬೇಡ ಎಂದೆ. ಬೇರೆ ಜಾಗ ಹುಡುಕಿದೆವು. ಅಲ್ಲಿಯೂ ಅದೇ ಕಥೆ. ನಾನು ತೆಗೆಯುವುದು, ಇವರು ಹಂಚುವುದು, ಜನ ಬರುವುದು, ನಾವು ಏಳುವುದು. ಹೀಗೆ ನದಿ ಹರಿದ ಕಡೆಗೇ ನಮ್ಮನ್ನೂ ಅಟ್ಟಿಕೊಂಡು ಬಂದರು. ಕೊನೆಗೆ ಲಾಂಗ್ ಬೀಚಿನ ಹತ್ತಿರ, ನದಿ ಸಮುದ್ರ ಸೇರುವ ಕಡೆ ಬಂದೆವು. ಆಚೆಗೆ ಸ್ಯಾನ್ ಪೀಡ್ರೊ ಬಂದರಿನ ಕ್ರೇನುಗಳು ಕಾಣುತ್ತವೆ, ನೀರಿಗೆ ಇಳಿಯಲು ನಾಲ್ಕಾರು ಮೆಟ್ಟಿಲುಗಳಿವೆ, ಪಕ್ಕದಲ್ಲಿ ದಪ್ಪನೆಯ ಒಂದು ಕಂಬ. "ಅಮ್ಮಾ, ಇನ್ನು ಮುಂದಕ್ಕೆ ನದಿಯೇ ಇಲ್ಲ" ಎಂದು ಅವಳು ಇಂಗ್ಲಿಷಿನಲ್ಲಿ ತಮಾಷೆ ಮಾಡಿದಳು. ನಾನೂ ನಕ್ಕೆ.

ಆ ಜಾಗದ ಫೋಟೋವನ್ನೂ ಇವರು ಕಳಿಸಿಬಿಟ್ಟಿದ್ದರು, ನನಗೆ ಗೊತ್ತಿರಲಿಲ್ಲ. ಒಂದು ಶನಿವಾರ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದಾಗ ಹಿಂದೆ ಕನ್ನಡ ಕೇಳಿಸಿತು. ತಿರುಗಿದರೆ ಹಸಿರು ಸೀರೆ, ಕೈ ತುಂಬ ಹಸಿರು ಬಳೆ ತೊಟ್ಟ ಬಸುರಿ ಹುಡುಗಿ, ಜೊತೆಗೆ ಗಂಡ, ಅತ್ತೆ. ಆ ಅತ್ತೆ ನಮ್ಮ ವಾಟ್ಸಾಪ್ ಗ್ರೂಪಿನವರೇ.

"ಬಗ್ಗು! ಆ ಕಂಬದ ಹಿಂದೆ ಹೋಗು, ಬೇಗ!" ಎಂದೆ.

ಅವಳು ಎಂಜಲು ಕೈಯಲ್ಲೇ ಡಬ್ಬಿ ಎತ್ತಿಕೊಂಡು ಕಂಬದ ಹಿಂದೆ ಕುಕ್ಕರಗಾಲಿನಲ್ಲಿ ಕೂತಳು.

"ಅಯ್ಯೋ, ನೀವಾ!" ಎನ್ನುತ್ತಾ ಆ ಹೆಂಗಸು ಬಂದರು. "ನಿಮ್ಮ ಯಜಮಾನ್ರು ಕಳ್ಸಿದ್ದು ನೋಡ್ಕೊಂಡೇ ಬಂದಿದ್ದು ಕಣ್ರೀ. ಎಂಥಾ ಜಾಗ! ಒಬ್ರೇ ಬಂದಿದೀರಾ?"

"ಹೂಂ, ಒಬ್ಳೇ" ಎಂದೆ.

"ಹಾಗಾದ್ರೆ ನಮ್ಮ ಸೊಸೇದು ಒಂದೆರಡು ತೆಗೆದುಕೊಡಿ, ಪ್ಲೀಸ್. ನಿಮ್ಮ ಕೈಗುಣ ಒಳ್ಳೇದು."

ತೆಗೆದುಕೊಟ್ಟೆ. ಆ ಹುಡುಗಿಗೆ ಹೀಗೆ ತಿರುಗು, ಸ್ವಲ್ಪ ನಗು, ಸೆರಗು ಸರಿಮಾಡಿಕೋ ಮರಿ ಎಂದೆಲ್ಲ ಹೇಳಿದೆ. ನನ್ನ ಮಗಳು ಹತ್ತು ಹೆಜ್ಜೆ ಆಚೆ ಕಂಬಕ್ಕೆ ಬೆನ್ನು ಒತ್ತಿಕೊಂಡು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಎಂಥ ತಾಯಿ ನಾನು ಎಂದು ಒಳಗೊಳಗೇ ನನ್ನನ್ನು ಶಪಿಸಿಕೊಂಡೆ. ಅವರು ಬೇಗ ಹೊರಡಲೂ ಇಲ್ಲ.

ಹೋದ ಮೇಲೆ ಅವಳು ಎದ್ದು ಬಂದಳು. ಮೊಣಕಾಲೆಲ್ಲ ಧೂಳು. ಅಳುತ್ತಿರಲಿಲ್ಲ. ಡಬ್ಬಿಯನ್ನು ನನ್ನ ಪಕ್ಕದಲ್ಲಿಟ್ಟು, ಎಂದೂ ಇಲ್ಲದವಳು ಕನ್ನಡದಲ್ಲಿ ಮಾತಾಡಿದಳು. ತಡೆದು ತಡೆದು, ಹುಡುಕಿ ಹುಡುಕಿ.

"ಅಮ್ಮಾ, ನಾನು ಕಳ್ಳಿ ಅಲ್ಲ. ನಾನು ಏನೂ ತಪ್ಪು ಮಾಡಿಲ್ಲ. ನಾನು ಇನ್ನು ಇಲ್ಲಿ ಬರಲ್ಲ. ನಂಗೆ ಮನೆ ಇದೆ, ಬಾಗಿಲು ಇದೆ. ನೀನು ಅಪ್ಪಂಗೆ ಹೇಳಿ ಬಾ. ಹೇಳ್ದೆ ಬರಬೇಡ."

ನಾನು ಕೈ ಹಿಡಿದುಕೊಂಡೆ. ಅಪ್ಪನ ಹಾರ್ಟು, ಡಾಕ್ಟರು, ಇನ್ನೊಂದು ಸ್ವಲ್ಪ ದಿನ ಎಂದು ಏನೇನೋ ಬಡಬಡಿಸಿದೆ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು, ನನ್ನ ಕೆನ್ನೆಗೆ ಮುತ್ತು ಕೊಟ್ಟು, ಕಾರಿನ ಕಡೆ ನಡೆದಳು. ಕಾರು ರಸ್ತೆ ಸೇರುವವರೆಗೆ ನಾನು ಅಲ್ಲೇ ನಿಂತಿದ್ದೆ.

ಮುಂದಿನ ಶನಿವಾರವೂ ಡಬ್ಬಿ ಕಟ್ಟಿಕೊಂಡು ಹೋದೆ. ಬಂದೇ ಬರುತ್ತಾಳೆ, ನನ್ನ ಮಗಳಲ್ಲವೇ, ಅವಳ ಕೋಪವೂ ನನ್ನ ಹಾಗೇ ಐದು ನಿಮಿಷದ್ದು ಎಂದುಕೊಂಡಿದ್ದೆ. ಬರಲಿಲ್ಲ. ಎಲ್ಲಿದ್ದೀ ಎಂದು ಮೆಸೇಜ್ ಹಾಕಿದರೆ ಅವಳ ಮನೆಯ ಅಡ್ರೆಸ್ಸನ್ನಷ್ಟೇ ಕಳಿಸಿದಳು. ನನಗೆ ಹಸಿವೂ ಆಗಲಿಲ್ಲ. ಹೊತ್ತು ಇಳಿಯುವವರೆಗೂ ಕೂತಿದ್ದು, ಹೊರಡುವಾಗ ಅಭ್ಯಾಸಬಲದಿಂದ ಒಂದೇ ಒಂದು ಫೋಟೋ ತೆಗೆದೆ. ಮೆಟ್ಟಿಲು, ಅದರ ಮೇಲೆ ಸಂಜೆಯ ಬಿಸಿಲು, ಕೆಳಗೆ ನೀರು.

ಸಂಜೆ ಇವರು ಎಂದಿನಂತೆ ಲ್ಯಾಪ್‌ಟಾಪ್ ಮುಂದೆ ಕೂತರು. ನಾನು ಹಿಂದೆ ನಿಂತು ಬಟ್ಟೆ ಮಡಿಸುತ್ತಿದ್ದೆ. ಅವರು ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದರು.

"ಇದು ಭಾಳ ಛಲೋ ಬಂದದ" ಎಂದರು. "ಆದ್ರ ಈ ಮೆಟ್ಟಲ ಮ್ಯಾಲ ಯಾರರ ಒಬ್ರು ಕೂತಿದ್ರ ಇನ್ನೂ ಛಂದ ಇರ್ತಿತ್ತು ನೋಡು."

ಸ್ಟೆಂಟೂ ಇಲ್ಲ, ಡಾಕ್ಟರೂ ಇಲ್ಲ, ಯಾವುದೂ ನೆನಪಾಗಲಿಲ್ಲ.

"ಕೂತಿದ್ಲು ಕಣ್ರೀ" ಎಂದೆ. "ಎರಡು ವರ್ಷದಿಂದ ನದಿ ಪಕ್ಕ ಕೂತಿದ್ಲು. ನಿಮ್ಮ ಮಗಳು. ನಾನು ಹೋಗ್ತಿದ್ದಿದ್ದು ಅವಳನ್ನ ನೋಡಕ್ಕೆ. ಇನ್ನು ಬರಲ್ವಂತೆ."

ಕೂಗುತ್ತಾರೆ ಎಂದುಕೊಂಡೆ. ಕೂಗಲಿಲ್ಲ. ತಿರುಗಿ ನನ್ನ ಮುಖವನ್ನೂ ನೋಡಲಿಲ್ಲ. ಹಿಂದಿನ ವಾರದ ಫೋಟೋಗಳನ್ನು ತೆರೆದರು. ಅದರ ಹಿಂದಿನ ವಾರದ್ದು, ಅದರ ಹಿಂದಿನದ್ದು. ಬೆಳ್ಳಕ್ಕಿ, ಸೇತುವೆ, ಮರ, ನೀರು. ಒಂದೊಂದನ್ನೂ ದೊಡ್ಡದು ಮಾಡಿ, ಅಂಚಿನಲ್ಲಿ, ನೆರಳಿನಲ್ಲಿ, ಮೂಲೆಮೂಲೆಯಲ್ಲಿ ಹುಡುಕಿದರು.

"ಒಂದರಾಗೂ ಇಲ್ಲಲ್ಲಾ ಆಕಿ" ಎಂದರು. ಆ ದನಿಯನ್ನು ಅವರಲ್ಲಿ ನಾನು ಎಂದೂ ಕೇಳಿರಲಿಲ್ಲ. "ಒಂದರ ತಗೀಬೇಕಿತ್ತಲ್ಲ. ಹೆಂಗ ಕಾಣ್ತಾಳ ಈಗ?"

"ಹೇಗ್ರೀ ತೆಗೀಲಿ?" ಎಂದೆ. "ಎಲ್ಲಾನೂ ನೀವು ನೋಡ್ತಿದ್ರಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಮೊದಲಿನಿಂದ ಹುಡುಕತೊಡಗಿದರು.