ಹಸಿರು ಟಿಕ್ಕಿನ ಹಿಂದೆ ಸಾಧನಾ

ಆ್ಯಪಿನ ಬಗ್ಗೆ ದೂರಿದ ಹೈನುಗಾರ್ತಿ ನೀಲಾವತಿ ಇವತ್ತು ಬೈದರೆ ಅಳು ಬಂದುಬಿಟ್ಟೀತೇ ಎಂಬುದು ಸಾಧನಾಳ ಚಿಂತೆ. ತನ್ನೊಳಗೇ ಅದನ್ನು ಒಪ್ಪಿಕೊಳ್ಳುತ್ತಾಳೆ; ಪಕ್ಕದಲ್ಲಿ ಜೀಪು ಓಡಿಸುತ್ತಿರುವ ಧರ್ಣಪ್ಪನವರಿಗೆ ಹೇಳುವುದಿಲ್ಲ. ಇನ್ನೂ ಸರಿಯಾಗಿ ಬೆಳಕಾಗಿಲ್ಲ. ನೆರಿಯ ಎಂಬ ಊರಿನ ತಿರುವಿನಲ್ಲಿ ಫೋನಿನ ಸಿಗ್ನಲ್ ಹೋಗುತ್ತದೆ. ತಾನು ಮಾಡಿದ ಆ್ಯಪನ್ನು ಒತ್ತಿ ನೋಡುತ್ತಾಳೆ. ಸಿಗ್ನಲ್ ಇಲ್ಲದೆಯೂ ತೆರೆಯುತ್ತದೆ.

ವೇಣೂರಿನ ಈ ಹುಡುಗಿ ಮೂಡುಬಿದಿರೆಯಲ್ಲಿ ಬಿಸಿಎ ಮುಗಿಸಿದವಳು. ಧರ್ಣಪ್ಪ ಅಧ್ಯಕ್ಷರಾಗಿರುವ ಹೈನುಗಾರರ ಸಂಘಕ್ಕೆ ಅವಳು ಮಾಡಿಕೊಟ್ಟದ್ದು ನಿಜಕ್ಕೂ ಒಂದು ವೆಬ್‌ಸೈಟ್. 'ದನ ಬೆದೆಗೆ ಬಂದಿದೆ' ಎಂಬ ಬಟನ್ ಒತ್ತಿದರೆ ಗರ್ಭಧಾರಣೆಯ ಇಂಜೆಕ್ಷನ್ ಕೊಡುವವರಿಗೆ ಸುದ್ದಿ ಹೋಗಬೇಕು. ಒಂದು ದಿನ ಮೀರಿದರೆ ಪ್ರಯೋಜನವಿಲ್ಲ. 'ಬೆದೆ' ಎಂಬ ಪದವನ್ನು ಟೈಪು ಮಾಡುವಾಗಲೂ ನಾಚಿದವಳು ಅವಳು. ಜನರ ಹಳೆಯ ಫೋನುಗಳಲ್ಲಿ ಜಾಗವಿಲ್ಲ. ಹಾಗಾಗಿ ಲಿಂಕ್ ತೆರೆದು ಫೋನಿನ ಮುಖಪರದೆಗೆ ಸೇರಿಸಿಕೊಂಡರೆ ಸಾಕು, ಉಳಿದ ಆ್ಯಪುಗಳ ಸಾಲಿನಲ್ಲೇ ಇದೂ ಕೂರುತ್ತದೆ. ಬ್ರೌಸರಿನಂತೆ ಮೇಲೆ ವಿಳಾಸ ಕಾಣದು, ತೆರೆಯುವಾಗ ಬಿಳಿ ಪರದೆ ಮಿಂಚದು. ಇದಕ್ಕೆಲ್ಲ ತಿಂಗಳುಗಟ್ಟಲೆ ಕೂತಿದ್ದಾಳೆ. ಸರಿಯಾಗಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೀಬೋರ್ಡು ಬಟನ್ನನ್ನು ಮುಚ್ಚಿದ ದಿನ ಮಾತ್ರ ಸಂಘದ ಮೂರೂ ತಾಲೂಕಿನಿಂದ ಕರೆ.

"ಒಬ್ಬರು ಆ್ಯಪಿನಿಂದ ಫೋನ್ ಬಿಸಿಯಾಗ್ತದೆ ಅಂತ ಹೇಳಿದ್ರು. ಬಿಸಿಲಿಗೆ ಇಟ್ಟದ್ದು ಅವರೇ," ಎನ್ನುತ್ತಾಳೆ ಸಾಧನಾ, ಅದೂ ಪಿಸುದನಿಯಲ್ಲಿ.

ಧರ್ಣಪ್ಪನವರದು ಒಂದೇ ಹಟ. "ಒತ್ತಿದ ಕೂಡಲೇ ಟಿಕ್ ಬೀಳ್ಬೇಕು ಮಗಾ. ಗರಗರ ತಿರುಗ್ತಾ ಕೂತರೆ ಅದೆಂತ ಆ್ಯಪ್?" ಬೇಡವೆನ್ನಲು ಬಾಯಿ ಬಾರದೆ ಕಳೆದ ವಾರ ಹಾಗೇ ಮಾಡಿಕೊಟ್ಟಳು. ಸಿಗ್ನಲ್ ಇಲ್ಲದೆ ಸಂದೇಶ ಫೋನಿನಲ್ಲೇ ಉಳಿದಿದ್ದರೂ ಹಸಿರು ಟಿಕ್ ಬೀಳುತ್ತದೆ.

ನೀಲಾವತಿ ದನದ ಹಟ್ಟಿಯ ಬಾಗಿಲಲ್ಲೇ ನಿಂತಿದ್ದಾರೆ, ಕೈಯಲ್ಲಿ ಹಾಲಿನ ಚೆಂಬು.

"ಬನ್ನಿ ಧರ್ಣಪ್ಪಣ್ಣ, ನಿಮ್ಮ ಟಿಕ್ಕಿಗೆ ಕರು ಹುಟ್ಟಿತಾ ನೋಡುವ. ಮೊನ್ನೆ ಬೆಳಿಗ್ಗೆ ಒತ್ತಿದೆ, ಟಿಕ್ ಬಿತ್ತು. ಹೇಗೂ ಬರ್ತಾರಲ್ಲ ಅಂತ ಬೇರೆ ಯಾರಿಗೂ ಹೇಳ್ಲಿಲ್ಲ. ಯಾರೂ ಬರ್ಲಿಲ್ಲ. ಪಾಪ, ದನ ಕತ್ತಲಾಗುವವರೆಗೆ ಕೂಗಿತು. ಮುಂದಿನ ಬೆದೆಗೆ ಇನ್ನು ಮೂರು ವಾರ ಕಾಯ್ಬೇಕು. ಇದನ್ನು ನಂಬಬೇಕಾ ಬೇಡ್ವಾ, ಅಷ್ಟು ಹೇಳಿ."

"ಅದು ನೆಟ್‌ವರ್ಕಿಂದು ನೀಲಕ್ಕ. ಅದಕ್ಕೆ ನಾವು ಎಂತ ಮಾಡುವುದು ಮಾರಾಯ್ತಿ. ಬೇಕಾದ್ರೆ ಇವಳನ್ನೇ ಕೇಳಿ."

ಇಬ್ಬರೂ ತಿರುಗಿ ನೋಡುತ್ತಾರೆ. ಹೌದೆಂದು ತಲೆಯಾಡಿಸಿದರೆ ಮಾತು ಮುಗಿಯುತ್ತದೆ, ಚಹಾ ಬರುತ್ತದೆ. ಸಾಧನಾ ನೀಲಾವತಿಯ ಕಡೆಗೆ ತಿರುಗುತ್ತಾಳೆ.

"ನೆಟ್‌ವರ್ಕ್ ಇಲ್ಲದ್ದು ಹೌದು. ಆದರೆ ಆ ಟಿಕ್ ಸುಳ್ಳು, ಅಕ್ಕ. ಇನ್ನು ಮೇಲೆ ಸಂದೇಶ ಹೋಗದಿದ್ರೆ ಹೋಗ್ಲಿಲ್ಲ ಅಂತಲೇ ತೋರಿಸ್ತೇನೆ. ಅದು ಆ್ಯಪಿನ ಹಾಗೆ ಕಾಣದಿದ್ರೂ ಪರವಾಗಿಲ್ಲ."