ಪಟ್ಟಲಮ್ಮನ ಸೋದರಮಾವ

ಕೊಪ್ಪದ ದೇವಿರಮ್ಮನಿಗೆ ಮಕ್ಕಳಿರಲಿಲ್ಲ. ಪಕ್ಕದ ಮನೆಯ ಗೆಳತಿ ತೀರಿಕೊಂಡಾಗ ಅವಳ ಹಸುಗೂಸನ್ನು ಮಡಿಲಿಗೆ ಹಾಕಿಕೊಂಡು, ತನ್ನ ಅತ್ತೆಯ ಹೆಸರನ್ನೇ ಇಟ್ಟು ಪಟ್ಟಲಮ್ಮ ಎಂದು ಕರೆದಳು. ಊರೆಲ್ಲ ಒಪ್ಪಿತು. ಒಪ್ಪದವನು ಬಸರಾಳಿನಲ್ಲಿದ್ದ ದೇವಿರಮ್ಮನ ಅಣ್ಣ ಮರಿಸಿದ್ದಯ್ಯ ಒಬ್ಬನೇ. ಹೆಸರಿಟ್ಟ ಮಾತ್ರಕ್ಕೆ ಅವಳು ತನಗೆ ಸೋದರಸೊಸೆಯಾಗುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಹೋದವನು ಮತ್ತೆ ಇತ್ತ ತಲೆ ಹಾಕಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಪಟ್ಟಲಮ್ಮನಿಗೆ ಮದುವೆ ಗೊತ್ತಾಯಿತು. ಅವರಲ್ಲಿ ಹೆಣ್ಣನ್ನು ಧಾರೆಗೆ ಎತ್ತಿಕೊಂಡು ಬರಬೇಕಾದವನು ಸೋದರಮಾವ. ಬೇರೆಯವರು ಎತ್ತಿದರೆ, ದಿಕ್ಕಿಲ್ಲದ ಹುಡುಗಿ ಎಂದು ಗಂಡಿನ ಮನೆಯವರು ಜನ್ಮವಿಡೀ ಆಡಿಕೊಳ್ಳುತ್ತಾರೆ. ದೇವಿರಮ್ಮನಿಗೆ ಅನ್ನ ಸೇರದಾಯಿತು.

ಅವಳ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಪಾರ್ಥಸಾರಥಿ ಮೇಷ್ಟ್ರಿಗೆ ಹಕ್ಕಿಗಳ ಹುಚ್ಚು. ಒಂದು ಸಂಜೆ ಪುಸ್ತಕದಲ್ಲಿ ಒಂದು ಚಿತ್ರ ತೋರಿಸಿದರು: ಕೆಂಪು ಎದೆ, ದಪ್ಪ ಕತ್ತು, ಮೋಟು ಕೊಕ್ಕು. ಇಂಗ್ಲೆಂಡಿನ ಬುಲ್‌ಫಿಂಚ್. ಅಲ್ಲಿಯವರು ಕಡಲು ದಾಟಿ ದೂರದ ದ್ವೀಪಗಳಿಗೆ ಹೋದಾಗ, ಅಂಥದೇ ದಪ್ಪ ಕೊಕ್ಕಿನ ಬೇರೆ ಹಕ್ಕಿಗಳನ್ನು ಕಂಡು ತಮ್ಮೂರಿನ ಹೆಸರನ್ನೇ ಇಟ್ಟರಂತೆ. ಕುಲ ಬೇರೆಯೆಂದು ಆಮೇಲೆ ತಿಳಿದರೂ ಕೊಟ್ಟ ಹೆಸರನ್ನು ಯಾರೂ ಕಿತ್ತುಕೊಳ್ಳಲಿಲ್ಲವಂತೆ. ಹಕ್ಕಿಯ ಹೆಸರು ದೇವಿರಮ್ಮನ ನಾಲಿಗೆಗೆ ಹತ್ತಲಿಲ್ಲ, ಕಥೆ ಮಾತ್ರ ಮನಸ್ಸಿಗೆ ಹತ್ತಿತು.

ಮರುದಿನವೇ ಎಲೆ ಅಡಿಕೆ ಹಿಡಿದು ಬಸರಾಳಿಗೆ ಹೋಗಿ ಅಣ್ಣನಿಗೆ ಅದನ್ನೆಲ್ಲ ಹೇಳಿದಳು.

"ಎಸ್ರಿಟ್ಟು ಸಾಕಿವ್ನಿ ಕಣಣ್ಣ. ನೀನು ಬಂದು ಎತ್ಕೊಂಡ್ರೆ ಆ ಎಸ್ರು ನಿಲ್ತದೆ."

ಅವನು ಎತ್ತುಗಳಿಗೆ ಹುಲ್ಲು ಹಾಕುತ್ತಲೇ ಇದ್ದ. ದೇವಿರಮ್ಮ ಎಲೆ ಅಡಿಕೆಯನ್ನು ಜಗಲಿಯ ಮೇಲಿಟ್ಟು ಬಂದಳು.

ಮದುವೆಯ ದಿನ ಮುಹೂರ್ತ ಹತ್ತಿರವಾದರೂ ಅವನ ಸುಳಿವಿರಲಿಲ್ಲ. ಗಂಡಿನ ಕಡೆಯ ಹಿರಿಯರು ಮುಖ ಮುಖ ನೋಡಿಕೊಂಡರು. ಬೇರೆ ಯಾರನ್ನಾದರೂ ಕರೆಯಿರಿ ಎಂದು ಒಬ್ಬರು ಹೇಳಿಯೂ ಬಿಟ್ಟರು. ಅಷ್ಟರಲ್ಲಿ ಮರಿಸಿದ್ದಯ್ಯ ಬಸ್ಸಿನ ಧೂಳು ಮೆತ್ತಿದ ಬಿಳಿ ಪಂಚೆಯಲ್ಲೇ ಚಪ್ಪರದೊಳಕ್ಕೆ ಬಂದ. ಯಾರನ್ನೂ ಮಾತಾಡಿಸದೆ ನೆಟ್ಟಗೆ ಹೆಣ್ಣಿನ ಬಳಿ ಹೋಗಿ ಎತ್ತಿಕೊಂಡ.

"ಬಾರ ಆಯ್ತೀನಾ, ಮಾವ?" ಎಂದಳು ಪಟ್ಟಲಮ್ಮ. ಅವನನ್ನು ಅವಳು ಹಾಗೆ ಕರೆದದ್ದು ಅದೇ ಮೊದಲು.

"ನೀನೇನು ಬಾರ ಬುಡವ್ವ. ಇಷ್ಟು ವರ್ಸ ಎತ್ಕೊಳ್ದೆ ಇದ್ನಲ್ಲ, ಅದೇ ಬಾರ."

ದೇವಿರಮ್ಮನ ಹೊಟ್ಟೆ ತಣ್ಣಗಾಯಿತು. ಅಂದು ಪಂಕ್ತಿಯಲ್ಲಿ ಅಣ್ಣನಿಗೂ ಮೇಷ್ಟ್ರಿಗೂ ತಾನೇ ನಿಂತು ಬಡಿಸಿದಳು. ಕಂಡರಿಯದ ಆ ಕಡಲಾಚೆಯ ಹಕ್ಕಿಗೂ ಮನಸ್ಸಿನಲ್ಲೇ ಕೈಮುಗಿದಳು.