ಮಾಸ್ಟ್ರ ಬಲಗಣ್ಣು

ನಮ್ಮ ಬಾಕ್ಸಿಂಗ್ ಮಾಸ್ಟ್ರು ಯಾರನ್ನು ನೋಡಬೇಕಾದರೂ ಕೋಳಿ ಕಾಳು ನೋಡುವ ಹಾಗೆ ತಲೆಯನ್ನು ಎಡಕ್ಕೆ ಓರೆ ಮಾಡುತ್ತಿದ್ದರು. ಅವರ ಎಡಗಣ್ಣು ಗಂಜಿತಿಳಿಯ ಬಣ್ಣಕ್ಕೆ ತಿರುಗಿತ್ತು. ಗಲ್ಫಿನಲ್ಲಿ ದುಡ್ಡಿಗೆ ಆಡುತ್ತಿದ್ದ ಕಾಲದಲ್ಲಿ ಅದು ಹೋದದ್ದು. ಬಲಗಣ್ಣಿಗೂ ಒಮ್ಮೆ ಆಪರೇಷನ್ ಆಗಿತ್ತು. ಇನ್ನೊಂದು ಪೆಟ್ಟು ಬಿದ್ದರೆ ಪೂರ್ತಿ ಕತ್ತಲೆ ಎಂದು ಡಾಕ್ಟರು ಹೇಳಿದ ಮೇಲೆ ಊರಿಗೆ ಬಂದು, ಬೈಕಂಪಾಡಿಯ ಹಳೆಯ ಗೋದಾಮೊಂದರಲ್ಲಿ ಸಂಜೆ ಹೊತ್ತು ನಮಗೆ ಕಲಿಸತೊಡಗಿದರು.

ನಾನು ಪಕ್ಕದ ವರ್ಕ್‌ಶಾಪಿನಲ್ಲಿ ಲೇತ್ ಕೆಲಸದವನು. ಮೂವತ್ತು ದಾಟಿದ್ದರೂ ಯಾರಾದರೂ ಸ್ವರ ಏರಿಸಿದರೆ ಹೆದರಿ ಜಾಗ ಖಾಲಿ ಮಾಡುವವನು. ಅದಕ್ಕೇ ಸೇರಿದ್ದೆ. ಗುದ್ದುವುದನ್ನು ಕಲಿಸುತ್ತಾರೆಂದು ಹೋದರೆ, ಮಾಸ್ಟ್ರು ಮೊದಲು ಕಲಿಸಿದ್ದು ಉಸಿರು ಬಿಡುವುದನ್ನು, ಎದುರಿನವನ ಕೈಯನ್ನಲ್ಲ, ಭುಜವನ್ನು ನೋಡುವುದನ್ನು, ಪೆಟ್ಟು ತಿಂದಾಗ ಅವನನ್ನೇ ಅಪ್ಪಿ ಹಿಡಿಯುವುದನ್ನು. ಹಾಗೆ ಅಪ್ಪಿ ಹಿಡಿದರೆ ನೋಡುವ ಜನ ಕೂಗಿ ಗೇಲಿ ಮಾಡುತ್ತಾರಂತೆ.

"ಮಾಡ್ಲಿ ಮಾರಾಯ. ಟಿಕೆಟ್ ತೆಗೆದವನಿಗೆ ಗುದ್ದು ಬೇಕು. ನನಗೆ ಮನೆಗೆ ಹೋಗ್ಲಿಕ್ಕುಂಟು," ಎನ್ನುತ್ತಿದ್ದರು.

ನನ್ನ ಸಪೂರ ಕಾಲನ್ನು ತಮಾಷೆ ಮಾಡಿದರೇ ಹೊರತು ಹೆದರಿಕೆಯನ್ನು ಒಮ್ಮೆಯೂ ಮಾಡಲಿಲ್ಲ. "ನನಗೂ ಉಂಟು. ಬೆಲ್ ಆಗುವ ಮೊದಲು ಕಾಲು ನಡುಗದ ದಿನ ಇಲ್ಲ. ಎಂತ ಮಾಡುದು, ಅದನ್ನೂ ಕರ್ಕೊಂಡೇ ರಿಂಗಿಗೆ ಹತ್ತುದು." ಅವರ ಮುಖದ ಹತ್ತಿರ ನನ್ನ ಗ್ಲೌಸ್ ಹೋದರೆ ಸಾಕು, ಆ ಒಂದು ಕಣ್ಣು ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಬೆಳಗ್ಗೆ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ತೊಕ್ಕೊಟ್ಟಿಗೆ ಹೋಗಿದ್ದೆ. ಹರಿದ ಪಂಚಿಂಗ್ ಬ್ಯಾಗಿಗೆ ಟಾರ್ಪಾಲು ಬೇಕಿತ್ತು. ಜಂಕ್ಷನ್ನಿನಲ್ಲಿ ನನ್ನ ಹ್ಯಾಂಡಲ್ ಇನ್ನೊಬ್ಬನ ಬೈಕಿನ ಕನ್ನಡಿಗೆ ತಾಗಿತು. ಅವನು ಇಳಿದು, ಹೆಲ್ಮೆಟ್ ಕಳಚಿ ಕೈಯಲ್ಲಿ ಹಿಡಿದು ಬಂದ.

"ಎಂತ, ರೋಡು ನಿನ್ನಪ್ಪಂದಾ?"

ಸಾರಿ ಎಂದಿದ್ದರೆ ಮುಗಿಯುತ್ತಿತ್ತು. ಹೆದರಿಕೆಯಲ್ಲಿ ಅದು ಹೊಳೆಯಲೇ ಇಲ್ಲ. ಆರು ತಿಂಗಳು ಕಲಿತ ಕೈಗಳು ಮಾತ್ರ ತಾವಾಗಿ ಮೇಲೆ ಬಂದವು. ಗದ್ದ ಒಳಗೆ, ಎಡಗಾಲು ಮುಂದೆ, ಎರಡೂ ಮುಷ್ಟಿ ಮುಖದೆದುರು, ಅದೂ ನಡುರಸ್ತೆಯಲ್ಲಿ.

"ಹೊಡಿತಿಯಾ? ಹೊಡಿ ನೋಡುವ," ಎಂದು ಅವನು ಹೆಲ್ಮೆಟ್ ಬೀಸಿದ.

ಮಾಸ್ಟ್ರು ನಡುವೆ ಬಂದದ್ದು ನನಗೆ ಕಾಣಲೇ ಇಲ್ಲ. ಹೆಲ್ಮೆಟ್ಟಿನ ಅಂಚು ಅವರ ಬಲಹುಬ್ಬಿಗೆ ಬಡಿದದ್ದು ಕೇಳಿಸಿತು. ಒಂದೇ ಗುದ್ದಿಗೆ ಅವನನ್ನು ಮಲಗಿಸಬಲ್ಲವರು, ಅವನನ್ನು ಬಾಚಿ ತಬ್ಬಿಕೊಂಡು, ತಮ್ಮ ಭಾರವನ್ನೆಲ್ಲ ಅವನ ಮೇಲೆ ಬಿಟ್ಟು, ಕಿವಿಯಲ್ಲಿ ಹೇಳುತ್ತಿದ್ದರು: "ಉಸಿರು ಬಿಡಿ. ಎಂತ ಆಗ್ಲಿಲ್ಲ. ಉಸಿರು ಬಿಡಿ." ಅವನ ಭುಜ ಇಳಿಯುವ ತನಕ ಬಿಡಲಿಲ್ಲ. ಕೊನೆಗೆ ಅವನೇ "ಸಾರಿ ಅಂಕಲ್" ಎಂದು ತಲೆ ತಗ್ಗಿಸಿ ಹೋದ.

ನೇತ್ರಾವತಿ ಸೇತುವೆಯ ಮೇಲೆ ಬರುವಾಗ ಮಾಸ್ಟ್ರು ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡರು. "ನಿಧಾನ ಹೋಗು. ಹೊಗೆ ಹೊಗೆ ಕಾಣ್ತದೆ."

ಅಂಥ ಹೆದರಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ನೇರ ಆಸ್ಪತ್ರೆಗೆ ಹೋದೆವು. ಮತ್ತೆ ಎರಡು ಆಪರೇಷನ್ ಆಯಿತು. ಕಾಣುತ್ತದೆಯೇ ಎಂದು ಕೇಳುವ ಧೈರ್ಯವಿಲ್ಲದೆ ದಿನಾ ವಾರ್ಡಿನ ಬಾಗಿಲಲ್ಲಿ ನಿಂತು, ನನ್ನನ್ನು ನೋಡಲು ಅವರು ತಲೆ ಓರೆ ಮಾಡುತ್ತಾರೋ ಎಂದು ಕಾಯುತ್ತಿದ್ದೆ. ನಾಲ್ಕನೆಯ ವಾರ ಓರೆ ಮಾಡುವುದೂ ನಿಂತಿತು. ಬಲಗಣ್ಣೂ ಹೋಗಿತ್ತು.

ನಾನು ಅತ್ತೆ. ಅವರು ನನ್ನ ಕೈ ಹುಡುಕಿ ಹಿಡಿದರು. "ಶುಗರಿಂದ ಕಣ್ಣು ಮಂಜಾಗಿ ಮೆಟ್ಟಿಲಲ್ಲಿ ಬಿದ್ದೆ ಅಂತ ಮನೆಯಲ್ಲಿ ಹೇಳಿದ್ದೇನೆ. ನೀನು ಬಾಯಿ ಬಿಡಬೇಡ. ಗೊತ್ತಾದ್ರೆ ನನ್ನ ಹೆಂಡತಿ ನಿನ್ನನ್ನು ಒಳಗೆ ಸೇರಿಸ್ಲಿಕ್ಕಿಲ್ಲ. ಮತ್ತೆ ನನ್ನನ್ನು ಕರ್ಕೊಂಡು ಹೋಗುವವರು ಯಾರು?"

ಐದು ವರ್ಷ ಕರೆದುಕೊಂಡು ಹೋದೆ, ಕಾಟಿಪಳ್ಳದ ಮನೆಯಿಂದ ಮಸೀದಿಗೆ, ಗೋದಾಮಿಗೆ. ಅಲ್ಲಿ ಕುರ್ಚಿಯಲ್ಲಿ ಕೂತು, ಹೆಜ್ಜೆಯ ಸದ್ದು ಕೇಳಿಯೇ ನಮ್ಮ ತಪ್ಪು ಹಿಡಿಯುತ್ತಿದ್ದರು. ಕಳೆದ ವರ್ಷ ಹೃದಯಾಘಾತವಾಗಿ ತೀರಿಕೊಂಡರು.

ಗಂಡ ತೀರಿದ ಮೇಲೆ ಹೊರಗಿನ ಗಂಡಸರನ್ನು ಕಾಣದೆ ಇರಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನವನ್ನು ಅವರ ಹೆಂಡತಿ ಮುಗಿಸಿದ ಮೇಲೆ ಆ ಮನೆಗೆ ಹೋದೆ. "ಶುಗರು ಕಣ್ಣು ತಿಂದಿತು. ನೀವು ಇಲ್ಲದಿದ್ರೆ ಅವರು ಮನೆಯಲ್ಲೇ ಕೂತು ಕೊರಗ್ತಿದ್ರು ಅಣ್ಣ," ಎಂದರು. ನಾನು ತಲೆಯಾಡಿಸಿದೆ.

ಈಗಲೂ ಶುಕ್ರವಾರ ಊಟಕ್ಕೆ ಕರೆಯುತ್ತಾರೆ. ಗೇಟು ತೆಗೆಯುವ ಮೊದಲು ಮಾಸ್ಟ್ರು ಕಲಿಸಿದ ಹಾಗೆ ಉಸಿರು ಬಿಡುತ್ತೇನೆ. ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಕೂರುತ್ತೇನೆ. ಅವರು ತಮ್ಮ ಮಕ್ಕಳಿಗಿಂತ ಮೊದಲು ನನಗೆ ಬಡಿಸುತ್ತಾರೆ. ತಲೆ ತಗ್ಗಿಸಿ ಉಣ್ಣುತ್ತೇನೆ.